ಕಾಗೆ ಕಾಲಿನ ಗುರುತಿರುವ ಸ್ಮಿತ್ಸ್ ಸೇನಾ ವಾಚು: ಹೊಸ ಬಣ್ಣ ಹಾಕಿಸಲೇ, ಹೀಗೇ ಬಿಡಲೇ?

ಹೇಮಾವತಿ_ತೀರ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಆರು ವರ್ಷಗಳಿಂದ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಸಮೀಪದ ಒಂದು ಊರಿನಲ್ಲಿದ್ದೇನೆ, ನರ್ಸ್ ಕೆಲಸ. ವಾಚುಗಳ ವಿಷಯದಲ್ಲಿ ನನಗೆ ಏನೂ ತಿಳಿಯದು. ತಪ್ಪು ಪದ ಬಳಸಿದರೆ ತಿದ್ದಿಬಿಡಿ.

ನಮ್ಮ ಪಕ್ಕದ ಮನೆಯ ಅಜ್ಜ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಕೊನೆಯ ನಾಲ್ಕು ತಿಂಗಳು ಕೆಲಸ ಮುಗಿಸಿ ಬರುವಾಗ ದಿನವೂ ಅವರ ಮನೆಗೆ ಹೋಗಿ ಮಾತ್ರೆ ಸರಿಯಾಗಿ ತೆಗೆದುಕೊಂಡಿದ್ದಾರೆಯೇ ಎಂದು ನೋಡಿ ಬರುತ್ತಿದ್ದೆ. ಹೋದ ವಾರ ಅಜ್ಜಿ ನನ್ನನ್ನು ಕರೆದು ಒಂದು ಬಿಸ್ಕತ್ತಿನ ಡಬ್ಬಿಯಿಂದ ಅವರ ವಾಚನ್ನು ತೆಗೆದು ಕೈಯಲ್ಲಿಟ್ಟರು. ಬೇಡವೆಂದರೂ ಕೇಳಲಿಲ್ಲ. ಅಜ್ಜ ಯೌವನದಲ್ಲಿ ಸೇನೆಯಲ್ಲಿದ್ದರು ಎಂಬುದಷ್ಟೇ ನನಗೆ ಗೊತ್ತು.

ವಾಚು ಚಿಕ್ಕದು. ಅಳೆದು ನೋಡಿದೆ, ಸುಮಾರು 35 ಮಿಲಿಮೀಟರ್. ಕಪ್ಪು ಡಯಲ್, ಬಿಳಿ ಅಂಕೆಗಳು, ‘ಸ್ಮಿತ್ಸ್’ ಎಂಬ ಹೆಸರು, ಕಾಗೆಯ ಕಾಲಿನಂತೆ ಮೂರು ಗೆರೆಯ ಒಂದು ಬಾಣ, ವೃತ್ತದೊಳಗೆ ಇಂಗ್ಲಿಷಿನ ಟಿ ಅಕ್ಷರ. ಹಿಂಬದಿಯ ಮುಚ್ಚಳದ ಮೇಲೆ ‘ಡಬ್ಲ್ಯೂ10’, ಅದರ ಕೆಳಗೆ 6645-99-961-4045, ಮತ್ತೆ ಅದೇ ಬಾಣ, ಆಮೇಲೆ ಒಂದು ಕ್ರಮಸಂಖ್ಯೆಯ ಪಕ್ಕದಲ್ಲಿ 68. ಮುಳ್ಳುಗಳ ಮೇಲಿನ ಹೊಳೆಯುವ ಬಣ್ಣ ಈಗ ಹಳದಿ ತಿರುಗಿ ಸುಟ್ಟ ತುಪ್ಪದ ಬಣ್ಣಕ್ಕೆ ಬಂದಿದೆ. ಕತ್ತಲಲ್ಲಿ ಹೊಳೆಯುವುದೇ ಇಲ್ಲ. ಕೀ ಕೊಟ್ಟರೆ ನಾಲ್ಕೈದು ಗಂಟೆ ನಡೆದು ನಿಂತುಬಿಡುತ್ತದೆ.

ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದೆ. ಕೇಸನ್ನು ಪಾಲಿಶ್ ಮಾಡಿ, ಡಯಲ್ಲಿಗೂ ಮುಳ್ಳುಗಳಿಗೂ ಹೊಸ ಬಣ್ಣ ಹಾಕಿ ಹೊಚ್ಚ ಹೊಸದರಂತೆ ಮಾಡಿಕೊಡುತ್ತೇವೆ ಎಂದರು. ಬರುವ ಯುಗಾದಿಗೆ ಊರಿಗೆ ಹೋಗುತ್ತಿದ್ದೇನೆ, ಅಪ್ಪನಿಗೆ ಎಪ್ಪತ್ತು ತುಂಬುತ್ತದೆ. ಅವರ ಕೈಗೆ ಕಟ್ಟಬೇಕೆಂದು ಆಸೆ. ಮಾಡಿಸಲೇ?

ಸೆಕೆಂಡ್‌ಮುಳ್ಳು (ಭಾನುವಾರ ರಾತ್ರಿ)

ದಯವಿಟ್ಟು ಮಾಡಿಸಬೇಡಿ ಮೇಡಂ. ಆ ಅಂಗಡಿಯಲ್ಲಿ ವಾಚನ್ನು ಬಿಟ್ಟು ಬಂದಿದ್ದರೆ ನಾಳೆ ಬೆಳಗ್ಗೆಯೇ ಹೋಗಿ ವಾಪಸು ತನ್ನಿ. ಉಳಿದದ್ದನ್ನು ಆಮೇಲೆ ಮಾತನಾಡೋಣ.

ನಿಮ್ಮ ಕೈಯಲ್ಲಿರುವುದು ಸ್ಮಿತ್ಸ್ ಡಬ್ಲ್ಯೂ10. ಬ್ರಿಟಿಷ್ ಸೇನೆಗಾಗಿ 1967ರಿಂದ 1970ರವರೆಗೆ ಮಾತ್ರ ತಯಾರಾದದ್ದು. ನಿಮ್ಮದು 1968ರದು. ಮೂರು ಗೆರೆಯ ಬಾಣವು ಬ್ರಿಟಿಷ್ ಸರ್ಕಾರದ ಆಸ್ತಿ ಎಂಬುದರ ಗುರುತು. ಫಿರಂಗಿಯಿಂದ ಹಿಡಿದು ಚಮಚದವರೆಗೆ ಸರ್ಕಾರಿ ಸಾಮಾನಿನ ಮೇಲೆ ಶತಮಾನಗಳಿಂದ ಅದನ್ನು ಒತ್ತುತ್ತ ಬಂದಿದ್ದಾರೆ. ಡಬ್ಲ್ಯೂ10 ಎಂದರೆ ಭೂಸೇನೆಯ ಉಗ್ರಾಣದ ಸಂಕೇತ. ವಾಯುಪಡೆಯದಾಗಿದ್ದರೆ 6ಬಿ ಎಂದಿರುತ್ತಿತ್ತು. 6645 ಎಂಬುದು ನೇಟೊ ಸೇನಾ ಒಕ್ಕೂಟದ ಸಾಮಾನುಗಳ ಯಾದಿಯಲ್ಲಿ ಕಾಲ ಅಳೆಯುವ ಉಪಕರಣಗಳ ವರ್ಗ, 99 ಎಂದರೆ ಬ್ರಿಟನ್.

ಟಿ ಅಕ್ಷರ ಟ್ರಿಟಿಯಂನದು, ಕತ್ತಲಲ್ಲಿ ಹೊಳೆಯಲೆಂದು ಬಣ್ಣದಲ್ಲಿ ಬೆರೆಸುತ್ತಿದ್ದ ವಿಕಿರಣಶೀಲ ವಸ್ತು. ಅದಕ್ಕೂ ಮೊದಲಿನ ಸೇನಾ ವಾಚುಗಳಲ್ಲಿ ರೇಡಿಯಂ ಬಳಿಯುತ್ತಿದ್ದರು. ರೇಡಿಯಂ ಅರ್ಧ ಕ್ಷಯವಾಗಲು 1600 ವರ್ಷ ಬೇಕು, ಟ್ರಿಟಿಯಂಗೆ 12 ವರ್ಷ ದಾಟಿದರೆ ಸಾಕು. ಅಂದರೆ ನಿಮ್ಮ ಡಯಲ್ಲಿನ ಟ್ರಿಟಿಯಂ ಈಗ ಹದಿನಾರನೆಯ ಒಂದು ಪಾಲಿಗಿಂತಲೂ ಕಡಿಮೆ. ಹೊಳೆಯದಿರುವುದು ದೋಷವಲ್ಲ, ವಯಸ್ಸು. ಅದರ ಕಿರಣ ಗಾಜನ್ನು ದಾಟಿ ಬರುವಷ್ಟು ಬಲವಾದದ್ದೂ ಅಲ್ಲ, ಹೆದರಬೇಡಿ. ಆದರೆ ಮನೆಯಲ್ಲಿ ಯಾರೂ ಗಾಜು ತೆಗೆದು ಆ ಬಣ್ಣವನ್ನು ಕೆರೆಯಬಾರದು.

ಚಿಕ್ಕಮಗಳೂರು_ಬುಲೆಟ್ (ಸೋಮವಾರ ಬೆಳಗ್ಗೆ)

ಒಂದು ನಿಮಿಷ. ಸ್ಮಿತ್ಸ್ ಎಂದರೆ ಮೀಟರ್ ಕಂಪನಿಯಲ್ಲವೇ? ನಮ್ಮ ದೊಡ್ಡಪ್ಪನ ಬಳಿ ಇಂಗ್ಲೆಂಡಿನಲ್ಲೇ ತಯಾರಾದ ಹಳೆಯ ಬೈಕು ಇತ್ತು. ಅದರ ಸ್ಪೀಡೋಮೀಟರ್ ಮೇಲೆ ಇದೇ ಹೆಸರಿತ್ತು. ಚಿಕ್ಕಂದಿನಲ್ಲಿ ಟ್ಯಾಂಕಿನ ಮೇಲೆ ಕುಳಿತು ನಾನು ಓದಲು ಕಲಿತ ಮೊದಲ ಇಂಗ್ಲಿಷ್ ಪದವೇ ಅದು. ಅದೇ ಕಂಪನಿಯೇ ಇದು?

ಸೆಕೆಂಡ್‌ಮುಳ್ಳು (ಸೋಮವಾರ ಮಧ್ಯಾಹ್ನ)

ಅದೇ ಕಂಪನಿ. ಈ ವಾಚನ್ನು ಅರ್ಥ ಮಾಡಿಕೊಳ್ಳಲು ಆ ಮೀಟರಿನಿಂದಲೇ ಹೊರಡಬೇಕು.

1851ರಲ್ಲಿ ಸ್ಯಾಮ್ಯುಯೆಲ್ ಸ್ಮಿತ್ ಎಂಬುವರು ಲಂಡನ್ನಿನ ದಕ್ಷಿಣ ಭಾಗದಲ್ಲಿ ಗಡಿಯಾರದ ಅಂಗಡಿ ತೆರೆದರು. ಮಕ್ಕಳು, ಮೊಮ್ಮಕ್ಕಳ ಕಾಲಕ್ಕೆ ಮೋಟಾರು ಕಾರು ಬಂತು. ಗಡಿಯಾರದವರಿಗೆ ಹಲ್ಲುಚಕ್ರದ ವಿದ್ಯೆ ಕೈವಶವಾಗಿತ್ತು, ಅದನ್ನೇ ವೇಗ ಅಳೆಯಲು ತಿರುಗಿಸಿದರು. ರಾಜ ಏಳನೆಯ ಎಡ್ವರ್ಡನ ಕಾರಿಗೂ ಇವರದೇ ಮೀಟರ್. ಮೊದಲ ಮಹಾಯುದ್ಧದಲ್ಲಿ ವಿಮಾನದ ಉಪಕರಣಗಳು, ಆಮೇಲೆ ಗೋಡೆ ಗಡಿಯಾರ, ಅಲಾರಾಂ, ಸ್ಪಾರ್ಕ್ ಪ್ಲಗ್. ಕೈಗಡಿಯಾರವೊಂದನ್ನು ಬಿಟ್ಟು ಎಲ್ಲವೂ. ಒಳ್ಳೆಯ ಕೈಗಡಿಯಾರದ ಯಂತ್ರ ಬೇಕೆಂದರೆ ಇಡೀ ಬ್ರಿಟನ್ನು ಸ್ವಿಟ್ಜರ್ಲೆಂಡಿನ ಕಡೆ ಕೈಚಾಚುತ್ತಿತ್ತು.

ಆ ಪರಾವಲಂಬನೆ ಎಷ್ಟು ಅಪಾಯದ್ದೆಂದು 1940ರಲ್ಲಿ ಗೊತ್ತಾಯಿತು. ಫ್ರಾನ್ಸ್ ಶರಣಾದ ಮೇಲೆ ಸ್ವಿಟ್ಜರ್ಲೆಂಡಿನ ಸುತ್ತಲೂ ಶತ್ರುಪಕ್ಷದ ಹಿಡಿತ. ಸೈನಿಕನಿಗೆ ವಾಚು ಬೇಕು, ಬಾಂಬಿನ ಫ್ಯೂಸಿಗೆ ಗಡಿಯಾರದ ಯಂತ್ರ ಬೇಕು, ವಿಮಾನಕ್ಕೆ ಬೇಕು, ಆದರೆ ತರುವ ದಾರಿಯೇ ಕಷ್ಟ. ಯುದ್ಧದ ಕೊನೆಯಲ್ಲಿ ಬ್ರಿಟಿಷ್ ಸೇನೆ ತನ್ನದೇ ಅಳತೆ, ನಿಯಮ ಬರೆದು ಮಾಡಿಸಿದ ಹೆಸರುವಾಸಿ ಕಪ್ಪು ಡಯಲ್ಲಿನ ವಾಚುಗಳಿವೆಯಲ್ಲ, ಒಮೆಗಾ, ಲಾಂಜಿನ್, ವರ್ಟೆಕ್ಸ್, ಸೀಮಾ ಮುಂತಾದ ಹನ್ನೆರಡು ಹೆಸರಿನವು, ಆ ಹನ್ನೆರಡರ ಒಳಗೂ ಸ್ವಿಸ್ ಯಂತ್ರವೇ. ಅವು ಬಂದು ತಲುಪುವ ಹೊತ್ತಿಗೆ 1945.

ಯುದ್ಧ ಮುಗಿದ ಮೇಲೆ ಇನ್ನು ಹೀಗಾಗಬಾರದೆಂದು ಸರ್ಕಾರ ಪಟ್ಟು ಹಿಡಿಯಿತು. ಇದರ ಹಿಂದೆ ನಿಂತವರಲ್ಲಿ ಮುಖ್ಯರು ಸ್ಟ್ಯಾಫರ್ಡ್ ಕ್ರಿಪ್ಸ್. ಹೌದು, 1942ರಲ್ಲಿ ನಮ್ಮ ದೇಶಕ್ಕೆ ಸಂಧಾನಕ್ಕೆಂದು ಬಂದು ಬರಿಗೈಯಲ್ಲಿ ಮರಳಿದ ಅದೇ ಕ್ರಿಪ್ಸ್. ಯುದ್ಧಾನಂತರದ ಸರ್ಕಾರದಲ್ಲಿ ವಾಣಿಜ್ಯ ಖಾತೆ ಅವರದಾಗಿತ್ತು. ವೇಲ್ಸ್‌ನ ಅಸ್ಟ್ರಡ್‌ಗೆನ್ಲೈಸ್‌ನಲ್ಲಿ ಅಗ್ಗದ ವಾಚುಗಳಿಗಾಗಿ ಒಂದು ಕಾರ್ಖಾನೆ, ಚೆಲ್ಟನ್‌ಹ್ಯಾಮ್ ಪಕ್ಕದ ಬಿಷಪ್ಸ್ ಕ್ಲೀವ್‌ನಲ್ಲಿ ಉತ್ತಮ ದರ್ಜೆಯ ವಾಚುಗಳಿಗಾಗಿ ಇನ್ನೊಂದು. ಕಲ್ಲು (ಚಕ್ರದ ಅಚ್ಚು ಸಲೀಸಾಗಿ ತಿರುಗಲೆಂದು ಇಡುವ ಪುಟ್ಟ ಮಾಣಿಕ್ಯ) ಕೂರಿಸಿದ ಒಳ್ಳೆಯ ಯಂತ್ರವನ್ನು ಸ್ಮಿತ್ಸ್‌ನವರು ಯುದ್ಧ ಮುಗಿದ ಎರಡು ವರ್ಷಕ್ಕೇ ಹೊರತಂದರು. 1953ರಲ್ಲಿ ಎಡ್ಮಂಡ್ ಹಿಲರಿ ಎವರೆಸ್ಟ್ ತುದಿಗೆ ಒಯ್ದದ್ದು ಚೆಲ್ಟನ್‌ಹ್ಯಾಮಿನ ಸ್ಮಿತ್ಸ್ ವಾಚು. ಆ ವಾಚು ಇಂದಿಗೂ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ.

ಡಬ್ಲ್ಯೂ10 ಈ ಕಥೆಯ ಕೊನೆಯ ಅಧ್ಯಾಯ. ಒಳಗಿನ ಯಂತ್ರ 60466ಇ, 17 ಕಲ್ಲು, ಗಂಟೆಗೆ 18,000 ಬಡಿತ. ಅದರ ಮೇಲೊಂದು ಮೆದು ಕಬ್ಬಿಣದ ಒಳಮುಚ್ಚಳ. ರೇಡಿಯೋ, ಮೋಟಾರುಗಳ ಕಾಂತತ್ವ ಸ್ಪ್ರಿಂಗಿಗೆ ತಾಗದಿರಲೆಂದು. 1970ರ ಆಸುಪಾಸಿನಲ್ಲಿ ಚೆಲ್ಟನ್‌ಹ್ಯಾಮಿನಲ್ಲಿ ವಾಚು ತಯಾರಿಕೆ ನಿಂತಿತು. ಸೇನೆಯ ಮುಂದಿನ ವಾಚುಗಳು ಹ್ಯಾಮಿಲ್ಟನ್, ಆಮೇಲೆ ಸಿಡಬ್ಲ್ಯೂಸಿ ಎಂಬ ಕಂಪನಿಗಳವು. ಎರಡರ ಒಳಗೂ ಮತ್ತೆ ಸ್ವಿಸ್ ಯಂತ್ರ. ಯಾವ ಅವಲಂಬನೆಯನ್ನು ಕಿತ್ತುಹಾಕಬೇಕೆಂದು ಕಾರ್ಖಾನೆ ಕಟ್ಟಿದರೋ, ಇಪ್ಪತ್ತೈದು ವರ್ಷಕ್ಕೆ ಅಲ್ಲಿಗೇ ಮರಳಿದರು. ಈಗ ಸ್ಮಿತ್ಸ್ ಹೆಸರಿನಲ್ಲಿ ಮಾರುವ ಹೊಸ ವಾಚುಗಳಿಗೂ ಆ ಕಾರ್ಖಾನೆಗೂ ಸಂಬಂಧವಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಆ ಡಯಲ್ಲಿಗೆ ಯಾರ ಕುಂಚವೂ ತಾಗಬಾರದು.

ಜಾಲಹಳ್ಳಿ_ಹಳಬ (ಸೋಮವಾರ ಸಂಜೆ)

ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಬೇರೆ ದೇಶದ ಕಥೆ ಎನಿಸಲಿಲ್ಲ.

ನಾನು ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಜೋಡಣೆ ವಿಭಾಗದಲ್ಲಿದ್ದವನು. ನಮ್ಮಲ್ಲೂ ಆದದ್ದು ಅದೇ ಯೋಚನೆಯಿಂದ. 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆ, ದೇಶ ತನ್ನ ಯಂತ್ರವನ್ನು ತಾನೇ ಮಾಡಿಕೊಳ್ಳಬೇಕೆಂದು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರ. ಅಲ್ಲಿಯವರೆಗೆ ನಮ್ಮ ದೇಶದಲ್ಲಿ ವಾಚು ಎಂದರೆ ಹೊರಗಿನಿಂದ ಬಂದದ್ದು, ಇಲ್ಲವೇ ಕಳ್ಳಸಾಗಣೆಯದು. ನಮ್ಮ 0231 ಯಂತ್ರದಲ್ಲೂ 17 ಕಲ್ಲು, ಅದೂ ಗಂಟೆಗೆ 18,000 ಬಡಿತ. ಕಿವಿಗೆ ಹಿಡಿದರೆ ಆ ನಿಧಾನದ ಟಿಕ್ ಟಿಕ್ ಈಗಿನ ವಾಚುಗಳಲ್ಲಿ ಸಿಗುವುದಿಲ್ಲ. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ವಾಚು ಬಂತು, ಹೊಸೂರಿನಿಂದ ಟೈಟನ್ ಬಂತು, ನಾವು ಹಿಂದೆ ಬಿದ್ದೆವು. 2016ರಲ್ಲಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದು ಪೇಪರ್ ಓದಿ ನಾನು ಊಟ ಮಾಡಲಿಲ್ಲ.

ಇರಲಿ. ತಂಗೀ, ನಿನ್ನ ವಾಚು ನಾಲ್ಕೈದು ಗಂಟೆಗೆ ನಿಲ್ಲುತ್ತದೆ ಎಂದೆಯಲ್ಲ, ಅದನ್ನು ಓಡಿಸಿ ನೋಡುವುದನ್ನು ಇಂದೇ ಬಿಡು. ಒಳಗಿನ ಎಣ್ಣೆ ಒಣಗಿ ಜೋನಿಬೆಲ್ಲದಂತೆ ಅಂಟಾಗಿರುತ್ತದೆ. ಚಕ್ರದ ಅಚ್ಚಿನ ತುದಿ ಕೂದಲಿಗಿಂತ ಸ್ವಲ್ಪವೇ ದಪ್ಪ. ಎಣ್ಣೆಯಿಲ್ಲದೆ ಅದು ಕಲ್ಲಿನ ತೂತಿನಲ್ಲಿ ತಿರುಗಿದರೆ ಸವೆಯುವುದು ಉಕ್ಕೇ ಹೊರತು ಕಲ್ಲಲ್ಲ. ಆ ಯಂತ್ರದ ಬಿಡಿಭಾಗ ಮಾಡುವವರು ಈಗ ಯಾರೂ ಇಲ್ಲ. ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕುವ ಒಬ್ಬ ಒಳ್ಳೆಯ ಕೈಯವನನ್ನು ಹುಡುಕು. ಗಾಜು ಪ್ಲಾಸ್ಟಿಕ್ಕಿನದು, ಗೀರು ಬಿದ್ದಿದ್ದರೆ ಅದನ್ನು ಧಾರಾಳವಾಗಿ ಉಜ್ಜಿಸಬಹುದು. ಉಕ್ಕಿನ ಕೇಸನ್ನು ಉಜ್ಜಿಸಬೇಡ. ಪಾಲಿಶ್ ಚಕ್ರಕ್ಕೆ ಒಡ್ಡಿದರೆ ಮೊದಲು ಅಂಚು ಹೋಗುತ್ತದೆ, ಆಮೇಲೆ ಹಿಂಬದಿಯ ಅಕ್ಷರ ಹೋಗುತ್ತದೆ.

ಒಂಟಿಕೊಪ್ಪಲ್ (ಸೋಮವಾರ ರಾತ್ರಿ)

ಹಿರಿಯರ ಬಗ್ಗೆ ಗೌರವ ಇಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯ ಹೇಳುತ್ತೇನೆ. ನೀವೆಲ್ಲ ಸಂಗ್ರಹಕಾರರ ಕಣ್ಣಿನಿಂದ ನೋಡುತ್ತಿದ್ದೀರಿ. ಅವರು ಕೊಡುತ್ತಿರುವುದು ತಂದೆಗೆ. ಎಪ್ಪತ್ತರ ವಯಸ್ಸಿನವರಿಗೆ ಮಾಸಿದ ಮುಳ್ಳು ಕಾಣುತ್ತದೆಯೇ? ರಾತ್ರಿ ಎದ್ದಾಗ ಸಮಯ ಗೊತ್ತಾಗಬೇಡವೇ? ದೇವರ ಮನೆಯ ದೀಪವನ್ನೂ ನಾವು ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ಕಿಲುಬು ಹಿಡಿದರೆ ಇತಿಹಾಸ ಎನ್ನುವುದಿಲ್ಲ. ಬಳಸುವ ವಸ್ತುವನ್ನು ಬಳಸುವಂತೆ ಇಟ್ಟುಕೊಳ್ಳುವುದೇ ಅದಕ್ಕೆ ಸಲ್ಲುವ ಮರ್ಯಾದೆ. ಸೇನೆಯವರೇ ಹಳೆಯ ರೇಡಿಯಂ ಡಯಲ್‌ಗಳನ್ನು ತೆಗೆದು ಟ್ರಿಟಿಯಂ ಡಯಲ್ ಹಾಕಿಸಿದ್ದು ಸುಳ್ಳೇ?

ಸೆಕೆಂಡ್‌ಮುಳ್ಳು (ಸೋಮವಾರ ರಾತ್ರಿ)

ಸುಳ್ಳಲ್ಲ. ಯುದ್ಧಕಾಲದ ವಾಚುಗಳಿಗೆ ಸೇನೆಯೇ ಡಯಲ್ ಬದಲಾಯಿಸಿದೆ. ಅಂಥವನ್ನು ನಾನು ಹಾಳಾದ ವಾಚು ಎನ್ನುವುದಿಲ್ಲ, ಆ ಬದಲಾವಣೆಯೂ ಅದರ ಸೇವೆಯ ಭಾಗವೇ. ನಾಳೆ ಅಂಗಡಿಯವನು ಬಳಿಯುವ ಬಣ್ಣ ಯಾವ ಸೇವೆಯ ಭಾಗ?

ದೀಪದ ಮಾತು ಹೇಳಿದಿರಿ. ದೀಪ ತಿಕ್ಕಿದರೆ ಮತ್ತೆ ಅದೇ ದೀಪ ಸಿಗುತ್ತದೆ. ಇದು ದೀಪದಂತಲ್ಲ, ಶಾಸನದಂತೆ. ಹಾಸನ ಜಿಲ್ಲೆಯ ಹಲ್ಮಿಡಿಯ ಕಲ್ಲನ್ನು ಹೊಳಪು ಬರಲೆಂದು ಯಾರಾದರೂ ಉಜ್ಜಿದ್ದರೆ ನಮ್ಮ ಬಳಿ ನುಣುಪಾದ ಒಂದು ಕಲ್ಲು ಉಳಿಯುತ್ತಿತ್ತು, ಅಷ್ಟೇ. ನಮ್ಮ ದೇಶದಲ್ಲಿ ಹಳೆಯ ಎಚ್‌ಎಂಟಿ, ಫಾವ್ರ್ ಲೂಬಾ ವಾಚುಗಳಿಗೆ ಬಣ್ಣಬಣ್ಣದ ಹೊಸ ಡಯಲ್ ಅಚ್ಚುಹಾಕಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದಾರೆ. ಯಾವುದು ಕಾರ್ಖಾನೆಯ ಡಯಲ್, ಯಾವುದು ಅಲ್ಲ ಎಂದು ಹೇಳುವುದೇ ಕಷ್ಟವಾಗಿದೆ. ನನ್ನ ತಾತನ ವಾಚಿಗೂ ಹೀಗೇ ಆಯಿತು. ಹುಬ್ಬಳ್ಳಿಯಲ್ಲಿ ಯಾರೋ ಒಬ್ಬರು ಪ್ರೀತಿಯಿಂದಲೇ ಹೊಸ ಡಯಲ್ ಹಾಕಿಕೊಟ್ಟರು. ತಾತ ದಿನವೂ ನೋಡುತ್ತಿದ್ದ ಮುಖ ಅದಲ್ಲ. ನನಗೆ ಈಗಲೂ ಅದನ್ನು ಕಟ್ಟಿಕೊಳ್ಳಲು ಮನಸ್ಸಾಗುವುದಿಲ್ಲ.

ಒಂಟಿಕೊಪ್ಪಲ್ (ಸೋಮವಾರ ರಾತ್ರಿ)

ನಿಮ್ಮ ತಾತನ ವಾಚಿನ ವಿಷಯ ಓದಿ ಬೇಸರವಾಯಿತು. ಡಯಲ್ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಅದನ್ನು ಬೀರುವಿನಲ್ಲಿಡಿ ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ. ತಂದೆಯವರು ಕಟ್ಟಿಕೊಳ್ಳಲಿ.

ಮಡಿಕೇರಿ_ಮಾಜಿಸೈನಿಕ (ಮಂಗಳವಾರ ಬೆಳಗ್ಗೆ)

ಕಟ್ಟಿಕೊಳ್ಳಲೇಬೇಕು. ಅದು ಅದಕ್ಕೆಂದೇ ಹುಟ್ಟಿದ ವಾಚು.

ಎರಡು ವಿಷಯ ಯಾರೂ ಹೇಳಲಿಲ್ಲ. ಮೊದಲನೆಯದು, ಪಟ್ಟಿ ಸಿಕ್ಕಿಸುವ ಕಡ್ಡಿಗಳನ್ನು ಗಮನಿಸಿ. ಸಾಮಾನ್ಯ ವಾಚಿನಲ್ಲಿ ಸ್ಪ್ರಿಂಗ್ ಕಡ್ಡಿ ಇರುತ್ತದೆ, ಇದರಲ್ಲಿ ಕೇಸಿಗೇ ಬೆಸೆದ ಗಟ್ಟಿ ಕಡ್ಡಿ. ಪೊದೆಯಲ್ಲಿ ತೆವಳುವಾಗ, ಹಗ್ಗ ಹಿಡಿದು ಇಳಿಯುವಾಗ ಕಡ್ಡಿ ಹಾರಿ ವಾಚು ಬೀಳಬಾರದಲ್ಲ. ಆದ್ದರಿಂದ ಎರಡು ತುಂಡಿನ ಚರ್ಮದ ಬೆಲ್ಟ್ ಇದಕ್ಕೆ ಕೂರುವುದಿಲ್ಲ. ಒಂದೇ ಉದ್ದದ ಪಟ್ಟಿಯನ್ನು ಕಡ್ಡಿಯ ಕೆಳಗೆ ತೂರಿಸಬೇಕು. ಈಗ ಎಲ್ಲೆಡೆ ನೇಟೊ ಪಟ್ಟಿ ಎಂದು ಮಾರುವ ನೈಲಾನ್ ಪಟ್ಟಿ ಸರಿಹೋಗುತ್ತದೆ. ಅದರ ಅಧಿಕೃತ ನಿಯಮ ಬಂದದ್ದು 1973ರಲ್ಲಿ, ಅಂದರೆ ನಿಮ್ಮ ವಾಚೇ ಆ ಪಟ್ಟಿಗಿಂತ ಹಿರಿಯದು. ಆ ಕಡ್ಡಿಯನ್ನು ಕತ್ತರಿಸಿ ಚರ್ಮದ ಬೆಲ್ಟ್ ಹಾಕಿಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ, ಅವರ ಹತ್ತಿರವೂ ಹೋಗಬೇಡಿ.

ಎರಡನೆಯದು, ಕೀ ಕೊಡುವ ಗುಂಡಿಯನ್ನು ಹೊರಗೆಳೆದರೆ ಸೆಕೆಂಡಿನ ಮುಳ್ಳು ನಿಲ್ಲುತ್ತದೆ. ಸಮಯ ತಿದ್ದುವ ಅನುಕೂಲಕ್ಕಷ್ಟೇ ಮಾಡಿದ್ದಲ್ಲ ಅದು. ನಾನು ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದೆ. ಕಾರ್ಯಾಚರಣೆಯ ಅಭ್ಯಾಸಕ್ಕೆ ಹೊರಡುವ ಮುನ್ನ ಎಲ್ಲರೂ ಸುತ್ತ ನಿಂತು, ಅಧಿಕಾರಿ ಎಣಿಸಿ ಹೇಳಿದ ಕ್ಷಣಕ್ಕೆ ವಾಚು ಸರಿಹೊಂದಿಸಿಕೊಳ್ಳುತ್ತಿದ್ದೆವು. ನನ್ನ ಕೈಯಲ್ಲಿದ್ದದ್ದು ಕ್ಯಾಂಟೀನಿನಲ್ಲಿ ಕೊಂಡ ಎಚ್‌ಎಂಟಿ. ಒಬ್ಬನ ವಾಚು ಅರ್ಧ ನಿಮಿಷ ಮುಂದಿದ್ದರೆ ಏನಾಗುತ್ತದೆ ಎಂಬುದು ಸೇನೆಯಲ್ಲಿದ್ದವರಿಗೆ ಗೊತ್ತು.

ಹೇಮಾವತಿ_ತೀರ (ಮಂಗಳವಾರ ರಾತ್ರಿ)

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ವಾಚು ನನ್ನ ಬಳಿಯೇ ಇದೆ, ಅಂಗಡಿಗೆ ಕೊಟ್ಟಿಲ್ಲ. ಕೀ ಕೊಡುವುದನ್ನೂ ನಿಲ್ಲಿಸಿದ್ದೇನೆ.

ಒಂದು ಅಳುಕು ಮಾತ್ರ ಇದೆ. ಸರ್ಕಾರದ ಆಸ್ತಿಯ ಗುರುತು ಎಂದಿರಿ. ಹಾಗಾದರೆ ಅಜ್ಜ ಇದನ್ನು ಹಿಂದಿರುಗಿಸಬೇಕಿತ್ತೇ? ಸತ್ತವರ ಬಗ್ಗೆ ಕೇಳುವುದು ತಪ್ಪೇನೋ.

ಮಡಿಕೇರಿ_ಮಾಜಿಸೈನಿಕ (ಬುಧವಾರ ಬೆಳಗ್ಗೆ)

ಅಳುಕು ಬೇಡ ತಂಗಿ. ಬಳಕೆ ಮುಗಿದ ಸಾಮಾನನ್ನು ಎಲ್ಲ ಸೇನೆಗಳೂ ಹರಾಜು ಹಾಕುತ್ತವೆ. ಬ್ರಿಟಿಷರೂ ಈ ವಾಚುಗಳನ್ನು ಹೆಚ್ಚುವರಿ ದಾಸ್ತಾನೆಂದು ಮಾರಿದ್ದಾರೆ. ತಾನು ಕಟ್ಟಿದ್ದಂಥದ್ದೇ ಒಂದನ್ನು ನಿವೃತ್ತ ಸೈನಿಕ ಆಮೇಲೆ ದುಡ್ಡು ಕೊಟ್ಟು ಕೊಳ್ಳುವುದು ಹೊಸತಲ್ಲ. ಅಜ್ಜಿಯನ್ನೇ ಒಮ್ಮೆ ಕೇಳಿ ನೋಡಿ.

ಹೇಮಾವತಿ_ತೀರ (ಐದು ವಾರಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬರೆಯುವುದು ಬಹಳವಿದೆ.

ಹತ್ತಿರದ ಪಟ್ಟಣದಲ್ಲಿ ಒಬ್ಬ ವಯಸ್ಸಾದ ವಾಚ್ ರಿಪೇರಿಯವರು ಸಿಕ್ಕರು. ಡಯಲ್ ಮುಟ್ಟಬೇಡಿ, ಕೇಸ್ ಉಜ್ಜಬೇಡಿ ಎಂದು ನಾನು ಹೇಳುವ ಮೊದಲೇ ಅವರೇ ಹೇಳಿದರು. ಬಿಚ್ಚಿ ತೊಳೆದು ಎಣ್ಣೆ ಹಾಕಿದ್ದಾರೆ. ಮುಖ್ಯ ಸ್ಪ್ರಿಂಗ್ ಸೋತಿತ್ತು, ಬದಲಾಯಿಸಿದ್ದಾರೆ. ತೆಗೆದ ಹಳೆಯದನ್ನು ಪುಟ್ಟ ಚೀಲದಲ್ಲಿ ಹಾಕಿ ಕೊಟ್ಟರು. ಈಗ ಒಂದೂವರೆ ದಿನ ನಿಲ್ಲದೆ ನಡೆಯುತ್ತದೆ, ದಿನಕ್ಕೆ ಎಂಟು ಸೆಕೆಂಡ್ ಮುಂದೆ ಹೋಗುತ್ತದೆ. ಮುಚ್ಚಳ ತೆಗೆದಾಗ ಒಳಗೆ ನೋಡಲು ಕರೆದಿದ್ದರು. ಕಬ್ಬಿಣದ ಆ ಒಳಮುಚ್ಚಳದ ಕೆಳಗೆ ಚಿನ್ನದ ಬಣ್ಣದ ಯಂತ್ರ. ಹೊರಗಿನಿಂದ ಇಷ್ಟು ಸಾದಾ ಇರುವ ವಸ್ತುವಿನ ಒಳಗೆ, ಯಾರೂ ನೋಡದ ಕಡೆ, ಅಷ್ಟು ಅಚ್ಚುಕಟ್ಟು.

ವಾಚು ಸರಿಯಾದ ದಿನವೇ ಅಜ್ಜಿಗೆ ತೋರಿಸಲು ಹೋದೆ. ಸಂಜೆ ಆರೂಮುಕ್ಕಾಲು. ನೀವು ಹೇಳಿಕೊಟ್ಟ ಕಥೆಯನ್ನೆಲ್ಲ ನನ್ನ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಕ್ರಿಪ್ಸ್, ಎವರೆಸ್ಟ್, ಕಾರ್ಖಾನೆ. ಅವರು ತಡೆಯದೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಆ ಕಾರ್ಖಾನೆಯ ಜೋಡಣೆಯ ಸಾಲಿನಲ್ಲಿ ತಾವು ಮೂರು ವರ್ಷ ಕೆಲಸ ಮಾಡಿದ್ದಾಗಿ ಹೇಳಿದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೇರಿದ್ದರಂತೆ. ನಮ್ಮ ಬೀದಿಯಿಂದ ಆ ಜಾಗಕ್ಕೆ ಇಪ್ಪತ್ತು ನಿಮಿಷದ ನಡಿಗೆ, ನಾನು ದಿನವೂ ಬಸ್ಸಿನಲ್ಲಿ ಅದನ್ನು ದಾಟಿಯೇ ಹೋಗುತ್ತೇನೆ. ಅಜ್ಜ ಸೇನೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಸೇನೆಯ ಹಳೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಈ ವಾಚನ್ನು ಕಂಡು ಕೊಂಡು ತಂದಿದ್ದರಂತೆ. ಇದು ನೀನು ಮಾಡಿದ್ದೇ ಇರಬಹುದು ಎಂದು ಅವರ ಕೈಗೆ ಕೊಟ್ಟರಂತೆ. ಅಜ್ಜಿ ಅದನ್ನು ಅವರಿಗೇ ಕಟ್ಟಿದರಂತೆ.

ಇಷ್ಟು ಹೇಳಿ ವಾಚನ್ನು ಕೈಗೆ ತೆಗೆದುಕೊಂಡರು. ಅವರ ಬೆರಳುಗಳು ಸಂಧಿವಾತದಿಂದ ಬಾಗಿವೆ, ಚಹದ ಕಪ್ಪು ಹಿಡಿಯುವುದೇ ಕಷ್ಟ. ಆದರೂ ನೋಡದೆಯೇ ಗುಂಡಿ ತಿರುಗಿಸಿ ಕೀ ಕೊಟ್ಟರು. ರೇಡಿಯೋ ಹಾಕು ಎಂದರು. ಮುಳ್ಳುಗಳನ್ನು ಏಳು ಗಂಟೆಗೆ ತಂದು, ಗುಂಡಿಯನ್ನು ಎಳೆದೇ ಹಿಡಿದು ಕಾದರು. ಬಿಬಿಸಿಯಲ್ಲಿ ಗಂಟೆಗೆ ಮುನ್ನ ಆರು ಸಲ ಪೀಪ್ ಶಬ್ದ ಬರುತ್ತದೆ, ಕೊನೆಯದು ಉದ್ದ. ಆ ಉದ್ದದ ಶಬ್ದಕ್ಕೆ ಸರಿಯಾಗಿ ಗುಂಡಿಯನ್ನು ಒತ್ತಿದರು.

ಅಪ್ಪನಿಗೆ ಕೊಡುವ ಬಗ್ಗೆ ಅಜ್ಜಿಯನ್ನೇ ಕೇಳಿದೆ. ಕೊಡು, ಆದರೆ ಅವರು ಅದನ್ನು ಕಟ್ಟಿಕೊಂಡಿರುವ ಫೋಟೋ ಒಂದನ್ನು ತಂದುಕೊಡು ಎಂದಿದ್ದಾರೆ.

ಜಾಲಹಳ್ಳಿ_ಹಳಬ (ಅದೇ ರಾತ್ರಿ)

ಅವರು ಕೀ ಕೊಟ್ಟದ್ದನ್ನು ಓದುವಾಗ ನನ್ನ ಬೆರಳೂ ಆಡಿತು ತಾಯಿ. ನಮ್ಮ ಸಾಲಿನಲ್ಲೂ ಹೆಣ್ಣುಮಕ್ಕಳಿದ್ದರು. ಅವರ ಕೈಯಷ್ಟು ಹಗುರವಾದ ಕೈ ನಮಗಿರಲಿಲ್ಲ.

ಯುಗಾದಿಗೆ ಬಂದಾಗ ಅಪ್ಪನನ್ನು ಕರೆದುಕೊಂಡು ಒಮ್ಮೆ ಬೆಂಗಳೂರಿಗೆ ಬಾ. ಜಾಲಹಳ್ಳಿಯಲ್ಲಿ ಎಚ್‌ಎಂಟಿ ಸಂಗ್ರಹಾಲಯವಿದೆ, ನಾನೇ ಜೊತೆಗೆ ಬಂದು ತೋರಿಸುತ್ತೇನೆ. ಅಜ್ಜಿಗೆ ಕೊಡಲು ನನ್ನ ಕಡೆಯಿಂದಲೂ ಒಂದು ವಾಚು ಕಳಿಸುವುದಿದೆ. ನಾನೇ ಜೋಡಿಸಿದ್ದು ಎಂದು ಖಚಿತವಾಗಿ ಗೊತ್ತಿರುವ ಒಂದೇ ಒಂದು ನನ್ನ ಬಳಿ ಉಳಿದಿದೆ. ಡಯಲ್ಲಿಗೆ ಯಾರೂ ಬಣ್ಣ ಹಾಕಿಲ್ಲ.